ಗೇಮ್‌ಗಳಲ್ಲಿ ಬಾಟ್‌ಗಳು ಯಾಕೆ ಕಾಣೆಯಾಗುತ್ತಿವೆ?

ಪ್ರಶ್ನೆ:
ಮೊನ್ನೆ 1999ರ ಅನ್‌ರಿಯಲ್ ಟೂರ್ನಮೆಂಟ್ ಮತ್ತೆ ಹಾಕಿಕೊಂಡೆ. ನೆಟ್ ಬೇಡ, ಯಾರಿಗೂ ಕಾಯಬೇಕಿಲ್ಲ, ಬಾಟ್‌ಗಳು (ಕಂಪ್ಯೂಟರ್ ಆಡಿಸುವ ಆಟಗಾರರು) ಎಷ್ಟು ಜೋರಾಗಿರಬೇಕು ಅಂತ ನಾವೇ ಆರಿಸಿ ಗಂಟೆಗಟ್ಟಲೆ ಆಡಬಹುದು. ಈಗಿನ ಎಷ್ಟೋ ಶೂಟರ್‌ಗಳಲ್ಲಿ, ಅಂದರೆ ಗುಂಡು ಹಾರಿಸುವ ಗೇಮ್‌ಗಳಲ್ಲಿ, ಇದು ಇಲ್ಲವೇ ಇಲ್ಲ. ಯಾಕೆ?

ಉತ್ತರ 1:
ಒಳ್ಳೆಯ ಬಾಟ್ ಮಾಡುವುದು ಕಷ್ಟ. ಗುರಿ ಹಿಡಿಯುವುದು ಕಂಪ್ಯೂಟರ್‌ಗೆ ಸಲೀಸು, ಅದು ಆಗಾಗ ತಪ್ಪುವಂತೆ ನಾವೇ ಮಾಡಬೇಕು. ನಿಜವಾದ ತಲೆನೋವು ದಾರಿ ಹುಡುಕುವುದು. ಪ್ರತಿ ಮ್ಯಾಪ್‌ನಲ್ಲೂ (ಆಟ ನಡೆಯುವ ಜಾಗ) ಎಲ್ಲಿ ನಡೆಯಬಹುದು, ಎಲ್ಲಿ ಹಾರಬೇಕು, ಎಲ್ಲಿ ಅಡಗಬಹುದು ಅಂತ ಬಾಟ್‌ಗೆ ಗೊತ್ತಿರಬೇಕು, ಮ್ಯಾಪ್ ಬದಲಾದರೆ ಅದನ್ನೂ ತಿದ್ದಬೇಕು. ಆನ್‌ಲೈನ್‌ನಲ್ಲಿ ಜನ ಹೇಗೂ ಸಿಗುತ್ತಾರೆ, ಮತ್ತೆ ಈ ಖರ್ಚು ಯಾಕೆ ಅಂತ ಬಿಟ್ಟುಬಿಡುತ್ತಾರೆ.

ಉತ್ತರ 2:
ಖರ್ಚು ಒಂದೇ ಕಾರಣ ಅಲ್ಲ. ಸ್ಕಿನ್ (ಪಾತ್ರಕ್ಕೆ ಹಾಕುವ ವೇಷ) ಕೊಳ್ಳುವುದು ಬೇರೆಯವರು ನೋಡಲಿ ಅಂತ ಅಲ್ವಾ? ಬಾಟ್ ಜೊತೆ ಒಬ್ಬರೇ ಆಡುವವರಿಗೆ ಅದನ್ನು ಮಾರುವುದು ಕಷ್ಟ. ಅಂದಹಾಗೆ 2005ರ ಫಿಯರ್ ಆಡಿ ನೋಡಿ. ಅದರ ಸೈನಿಕರು ಮುಂದೇನು ಮಾಡಬೇಕು ಅಂತ ತಾವೇ ಹೆಜ್ಜೆ ಹೆಜ್ಜೆಯಾಗಿ ಯೋಜಿಸುತ್ತಾರೆ, ಮೇಜು ಉರುಳಿಸಿ ಮರೆ ಮಾಡಿಕೊಳ್ಳುತ್ತಾರೆ. ಅಷ್ಟು ಚುರುಕಾದ ಎದುರಾಳಿ ನನಗೆ ಆಮೇಲೆ ಸಿಕ್ಕಿದ್ದು ತುಂಬಾ ಅಪರೂಪ.

ಉತ್ತರ 3:
ಬಾಟ್‌ಗಳು ಪೂರ್ತಿ ಹೋಗಿಲ್ಲ. ಫೋರ್ಟ್‌ನೈಟ್‌ಗೆ 2019ರಲ್ಲಿ ಬಂದವು, 2021ರ ಹೇಲೋ ಇನ್ಫಿನಿಟ್‌ನಲ್ಲೂ ಇವೆ. ನನ್ನ ಚಿಂತೆ ಸರ್ವರ್ ಮುಚ್ಚಿದ ಮೇಲಿನದು. ನೆಟ್ ಇಲ್ಲದೆ ಬಾಟ್ ಜೊತೆ ಆಡಬಹುದಾದರೆ ಆ ಗೇಮ್ ಉಳಿಯುತ್ತದೆ. ದುಡ್ಡು ಕೊಟ್ಟು ಕೊಂಡ ಒಂದು ಗೇಮನ್ನು ಸರ್ವರ್ ಮುಚ್ಚಿದ್ದರಿಂದ ನಾನು ಕಳೆದುಕೊಂಡೆ, ಇನ್ನೂ ಬೇಜಾರಿದೆ.