ಅಪ್‌ಡೇಟ್: ಆಸ್ಟ್ರೇಲಿಯಾದ ಕೇರ್ನ್ಸ್‌ನಿಂದ ಒಂದೇ ದಿನದಲ್ಲಿ ಫಾಲ್ಸ್ ಟ್ರಿಪ್, ಹೋಗಿ ಬಂದ್ವಿ!

ಕೇರ್ನ್ಸ್‌ನಿಂದ ಬಾಡಿಗೆ ಕಾರಲ್ಲಿ ಒಂದೇ ದಿನಕ್ಕೆ ಫಾಲ್ಸ್‌ಗಳಲ್ಲಿ ಈಜಿ ವಾಪಸ್ ಬರಬಹುದಾ ಅಂತ ಕೇಳಿದ್ನಲ್ಲ, ಆರಾಮಾಗಿ ಆಗತ್ತೆ. ಬೆಳಗ್ಗೆ ಬೇಗ ಹೊರಟು ಗಿಲ್ಲೀಸ್ ಘಾಟ್ ಹತ್ತಿದ್ವಿ, ಸುಮಾರು 19 ಕಿ.ಮೀ.ಗೆ 263 ತಿರುವು, ತಲೆ ಸುತ್ತೋರು ಮಾತ್ರೆ ತಗೊಂಡೇ ಹೋಗಿ. ಮಿಲ್ಲಾ ಮಿಲ್ಲಾ ಫಾಲ್ಸ್‌ನಲ್ಲಿ ನೀರು ಬೀಳೋ ಜಾಗದ ತನಕ ಈಜ್ಕೊಂಡು ಹೋದೆ, ಅಬ್ಬಾ, ಎತ್ತರದ ಜಾಗ ಅಲ್ವಾ ನೀರು ಕೊರೆಯೋ ಥರ ತಣ್ಣಗಿತ್ತು, ಆದ್ರೂ ಹೊರಗೆ ಬರೋಕೆ ಮನಸ್ಸೇ ಇಲ್ಲ. ಎಲ್ಲಿಂಜಾ ಫಾಲ್ಸ್‌ನಲ್ಲೂ ನೀರಿಗೆ ಇಳಿದ್ವಿ, ಝಿಲ್ಲೀ ಫಾಲ್ಸ್ ಬರೀ ಮೇಲಿಂದ ನೋಡಿದ್ದು. ಜೋಸೆಫೀನ್ ಫಾಲ್ಸ್ ಕೈಬಿಟ್ವಿ, ಬೆಟ್ಟದ ಮೇಲೆ ಮೋಡ ಕಟ್ಟಿತ್ತು, ಅಲ್ಲಿ ಮಳೆ ಬಿದ್ರೆ ಕೆಳಗೆ ನೀರು ದಿಢೀರ್ ಏರತ್ತೆ, ಮಕ್ಕಳು ಬೇರೆ ಜೊತೆಗಿದ್ರು.