ಸಹಾಯ ಬೇಕು: ಗೇಟ್‌ವೇ ನಿಂತರೂ ಪರದೆಯಲ್ಲಿ ಹಳೆಯ ತಾಪಮಾನವೇ ಉಳಿಯುತ್ತಿದೆ

ತೀರ್ಥಹಳ್ಳಿ ಸಮೀಪದ ನಮ್ಮ ಅಡಿಕೆ ಘಟಕದಲ್ಲಿ ಮೂರು ಡ್ರೈಯರ್‌ಗಳ ತಾಪಮಾನವನ್ನು ಒಂದೇ ಗೇಟ್‌ವೇ (ಮಾಹಿತಿ ರವಾನಿಸುವ ಸಾಧನ) ಪಿಎಲ್‌ಸಿ ಎಂಬ ಯಂತ್ರ ನಿಯಂತ್ರಕದಿಂದ ಓದಿ, ಎಂಕ್ಯೂಟಿಟಿ (ಸಾಧನಗಳ ನಡುವಿನ ಸಂದೇಶ ವಿಧಾನ) ಬ್ರೋಕರ್ ಎಂಬ ಸಂದೇಶ ಹಂಚುವ ಸರ್ವರ್ ಮೂಲಕ ಯುಪಿಎಸ್ ಇರುವ ಕಚೇರಿಯ ಪರದೆಗೆ ಕಳುಹಿಸುತ್ತದೆ. ಮೊನ್ನೆ ಮಳೆಗೆ ಕರೆಂಟ್ ಹೋಗಿ ಗೇಟ್‌ವೇ ನಿಂತರೂ ಪರದೆಯಲ್ಲಿ ಬೆಳಗಿನವರೆಗೂ 58 ಡಿಗ್ರಿ ಎಂದೇ ಇತ್ತು. ಬಾಗಿಲು ತೆರೆದಾಗ ತಟ್ಟೆಗಳ ಮೇಲಿನ ಅಡಿಕೆ ತಣ್ಣಗಾಗಿ ಬೆವರಿದ್ದುದನ್ನು ಕಂಡು ಬಹಳ ಸಂಕಟವಾಯಿತು.

ಕೊನೆಯ ಸಂದೇಶವನ್ನು ಬ್ರೋಕರ್‌ನಲ್ಲಿ ಉಳಿಸಿಡುವ ರಿಟೇನ್ ಆಯ್ಕೆ ತೆಗೆದರೆ ಹೊಸದಾಗಿ ಸೇರುವ ಪರದೆ ಮುಂದಿನ ಸಂದೇಶ ಬರುವವರೆಗೆ ಖಾಲಿ ಇರುತ್ತದೆ. ಎಂಕ್ಯೂಟಿಟಿ 5ರಲ್ಲಿರುವ ಸಂದೇಶದ ಮಾನ್ಯತೆಯ ಅವಧಿಯನ್ನು 120 ಸೆಕೆಂಡಿಗೆ ಇಟ್ಟೆ. ಬ್ರೋಕರ್ ಹಳೆಯದನ್ನು ಅಳಿಸುತ್ತದೆಯಾದರೂ, ಮೊದಲೇ ಸೇರಿರುವ ಪರದೆಗೆ ಅದು ತಿಳಿಯುವುದೇ ಇಲ್ಲ. ಗೇಟ್‌ವೇ ಸಂಪರ್ಕ ಹಠಾತ್ ಕಡಿದರೆ ಬ್ರೋಕರ್ ತಾನೇ ಕಳುಹಿಸುವ ಲಾಸ್ಟ್ ವಿಲ್ ಎಂಬ ಸಂದೇಶ ಸಂಪರ್ಕಕ್ಕೆ ಒಂದೇ, ನನ್ನ ಟಾಪಿಕ್‌ಗಳು (ಸಂದೇಶದ ವಿಳಾಸಗಳು, ಡ್ರೈಯರ್‌ಗೆ ಒಂದರಂತೆ) ಮೂರು. ನನ್ನ ಗೊಂದಲ ಇರುವುದು ಇಲ್ಲಿಯೇ.

ಮೂರಕ್ಕೂ ಸೇರಿದ ಒಂದೇ ಸ್ಥಿತಿ ಟಾಪಿಕ್‌ಗೆ ವಿಲ್ ಇಟ್ಟು ಪರದೆಯೇ ಮೂರೂ ಅಂಕಿಗಳನ್ನು ಅಮಾನ್ಯ ಮಾಡುವುದು ಸರಿಯೇ, ಅಥವಾ ಪ್ರತಿ ಡ್ರೈಯರ್‌ಗೂ ಪ್ರತ್ಯೇಕ ಸಂಪರ್ಕ ತೆರೆಯಬೇಕೇ?