ಸಿನಿಮಾ, ರೋಬೋಟ್, ಕಟ್ಟಡ: 'ಮೋಷನ್ ಕಂಟ್ರೋಲ್'ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಆರ್ಕಿಟೆಕ್ಚರ್ ಓದುವ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. 'ಮೋಷನ್ ಕಂಟ್ರೋಲ್' ಎಂಬ ಪದಕ್ಕೆ ಒಪ್ಪುವ ಕನ್ನಡ ಸಿಗದೆ ನಿಂತಿದ್ದೇನೆ. 'ಚಲನ ನಿಯಂತ್ರಣ' ಅನ್ನಬಹುದು. ಆದರೆ ಅದನ್ನು ಕೇಳಿದರೆ ಮೋಟಾರನ್ನು ಹತೋಟಿಯಲ್ಲಿಡುವುದು ಎಂದಷ್ಟೇ ಹೊಳೆಯುತ್ತದೆ. ಸಿನಿಮಾದವರ ಅರ್ಥವೇ ಬೇರೆ.

1977ರ 'ಸ್ಟಾರ್ ವಾರ್ಸ್' ಸಿನಿಮಾಗಾಗಿ ಸ್ಪೆಷಲ್ ಎಫೆಕ್ಟ್ಸ್ ಪರಿಣತ ಜಾನ್ ಡೈಕ್‌ಸ್ಟ್ರಾ ಮತ್ತು ತಂಡದವರು ಡೈಕ್‌ಸ್ಟ್ರಾಫ್ಲೆಕ್ಸ್ ಎಂಬ ಕ್ಯಾಮೆರಾ ವ್ಯವಸ್ಥೆ ಕಟ್ಟಿದರು. ಕ್ಯಾಮೆರಾ ಒಮ್ಮೆ ಹೋದ ಹಾದಿಯಲ್ಲೇ ಎಷ್ಟು ಸಲ ಬೇಕಾದರೂ ಹೋಗುತ್ತಿತ್ತು. ಹಾಗಾಗಿ ಬೇರೆ ಬೇರೆ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದರೂ ಹೊಂದುತ್ತಿದ್ದವು. ಅಂದರೆ ಇಲ್ಲಿನ ಜೀವಾಳ ತಪ್ಪದೆ ಮರಳುವ ನಡೆ.

ಮುಂದೆ ಈ ಕೆಲಸ ಕಾರ್ಖಾನೆಯ ರೋಬೋಟ್ ತೋಳಿಗೆ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಬಾಟ್ ಆ್ಯಂಡ್ ಡಾಲಿ ಸ್ಟುಡಿಯೋದವರು ಆನಿಮೇಷನ್‌ಗೆ ಬಳಸುವ ಮಾಯಾ ಸಾಫ್ಟ್‌ವೇರ್‌ನಲ್ಲೇ ತೋಳಿನ ನಡೆ ರೂಪಿಸುತ್ತಿದ್ದರು. 2013ರ 'ಗ್ರ್ಯಾವಿಟಿ' ಸಿನಿಮಾದಲ್ಲಿ ಕ್ಯಾಮೆರಾ ಹೊತ್ತದ್ದು ಅವರ ರೋಬೋಟ್. ಅದೇ ವರ್ಷದ 'ಬಾಕ್ಸ್' ಕಿರುಚಿತ್ರವನ್ನು ದಯವಿಟ್ಟು ನೋಡಿ. ರೋಬೋಟ್‌ಗಳು ಹಲಗೆ ಹಿಡಿದು ತಿರುಗಿಸುತ್ತವೆ. ಪ್ರೊಜೆಕ್ಟರಿನ ಚಿತ್ರ ಹಲಗೆ ಹೋದಲ್ಲೆಲ್ಲ ಹೋಗುತ್ತದೆ, ಒಂಚೂರೂ ಜಾರುವುದಿಲ್ಲ. ಚಪ್ಪಟೆ ಹಲಗೆಯೊಳಗೆ ಆಳ ಕಾಣುತ್ತದೆ. ಗೋಡೆ ಕದಲುವುದಿಲ್ಲ ಎಂದುಕೊಂಡೇ ನಕ್ಷೆ ಬರೆಯುವವರಿಗೆ ಇದು ದೊಡ್ಡ ಪಾಠ, ಅಲ್ವಾ?

ಲಾಸ್ ಏಂಜಲೀಸ್‌ನ ಸೈ-ಆರ್ಕ್ ಎಂಬ ಆರ್ಕಿಟೆಕ್ಚರ್ ಶಾಲೆಯಲ್ಲಿ 'ರೋಬೋಟ್ ಹೌಸ್' ಎಂಬ ಪ್ರಯೋಗಶಾಲೆಯೇ ಇದೆ. ಇಂಥ ಕಡೆ ಅರ್ಥ ಇನ್ನೂ ಹಿಗ್ಗುತ್ತದೆ. ತೋಳಿಗೆ ಕ್ಯಾಮೆರಾ ಕಟ್ಟಿದರೆ ಶಾಟ್. ಅದನ್ನು ಬಿಚ್ಚಿ ಥರ್ಮಾಕೋಲ್ ಕತ್ತರಿಸುವ ಬಿಸಿ ತಂತಿ ಕಟ್ಟಿದರೆ ಅದೇ ನಡೆಯಿಂದ ಒಂದು ಆಕಾರ ಹುಟ್ಟುತ್ತದೆ. ಸಿನಿಮಾ, ರೋಬೋಟ್, ಕಟ್ಟಡ ಮೂರಕ್ಕೂ ಒಗ್ಗುವ ಪದ ಬೇಕು ಅನ್ನುವುದು ಇದಕ್ಕೇ.

'ಮರುನಡೆ' ಎಂದು ಯೋಚಿಸಿದೆ. ಮತ್ತೆ ಮತ್ತೆ ಅನ್ನುವುದು ಬರುತ್ತದೆ, ಕರಾರುವಾಕ್ಕು ಅನ್ನುವುದು ಬರುವುದಿಲ್ಲ. 'ಜಾಡು' ನನಗೆ ಜಾಸ್ತಿ ಇಷ್ಟ. ಚಿಕ್ಕದು, ಎಲ್ಲರ ಬಾಯಲ್ಲೂ ಇರುವುದು. ತೊಡಕು ಒಂದೇ. ಜಾಡು ಅಂದರೆ ಯಾರೋ ಹೋದ ಮೇಲೆ ಉಳಿದ ಗುರುತು. ಇಲ್ಲಿ ಹಾದಿಯನ್ನು ಮೊದಲೇ ಬರೆದಿಟ್ಟಿರುತ್ತಾರೆ. 'ಜಾಡುನಡೆ' ಅಂದರೆ, ಹಾಕಿಟ್ಟ ಜಾಡಿನಲ್ಲೇ ನಡೆಯುವುದು ಎಂದು ಹೊಳೆದೀತೇ?

ಪೀಣ್ಯದ ಕಡೆ ಸಿಎನ್‌ಸಿ ಯಂತ್ರ (ಕಂಪ್ಯೂಟರ್ ಹೇಳಿದ ಹಾದಿಯಲ್ಲಿ ಕತ್ತರಿಸುವ, ಕೊರೆಯುವ ಯಂತ್ರ) ನಡೆಸುವವರು ಇಲ್ಲಿದ್ದರೆ ಒಂದು ಮಾತು ಹೇಳಿ: ಟೂಲ್ ಸಾಗುವ ಹಾದಿಗೆ ನಿಮ್ಮಲ್ಲಿ ಏನನ್ನುತ್ತಾರೆ? ಕ್ಯಾಮೆರಾ ವಿಭಾಗದವರೂ ಸೆಟ್‌ನಲ್ಲಿ ಬಳಸುವ ಮಾತು ತಿಳಿಸಿ. ಸುಮ್ನೆ ಹೊಸದು ಹೊಸೆಯುವುದಕ್ಕಿಂತ, ಆಡುವ ಮಾತೇ ಇದ್ದರೆ ಅದನ್ನೇ ಬಳಸುತ್ತೇನೆ.